100ಎಲ್ಎಲ್, ಇ10, ಎಥನಾಲ್ ಇಲ್ಲದ ಪೆಟ್ರೋಲ್: ನನ್ನ ಪುಟ್ಟ ವಿಮಾನಕ್ಕೆ ಯಾವುದು ಒಗ್ಗಿತು

ವಿಸ್ಕಾನ್ಸಿನ್‌ನಲ್ಲಿ ನಾನೇ ಗರಾಜಲ್ಲಿ ಕಟ್ಟಿದ ಝೆನಿತ್ ಸಿಎಚ್ 750ಗೆ ಮೂರೂ ಹಾಕಿ ಹಾರ್ಸಿದೀನಿ, ಇಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್, 100 ಹಾರ್ಸ್‌ಪವರ್.

100ಎಲ್ಎಲ್ ಅಂದ್ರೆ ಏರ್‌ಪೋರ್ಟಲ್ಲಿ ಸಿಗೋ ನೀಲಿ ಬಣ್ಣದ ವಿಮಾನ ಪೆಟ್ರೋಲು, ತಿಂಗಳುಗಟ್ಲೆ ಟ್ಯಾಂಕಲ್ಲಿದ್ರೂ ಕೆಡಲ್ಲ, ವೇಪರ್ ಲಾಕ್ (ಪೈಪಲ್ಲೇ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲೋದು) ಭಯಾನೂ ಕಮ್ಮಿ, ಆದ್ರೆ ಲೀಟರಿಗೆ ಸುಮಾರು ಅರ್ಧ ಗ್ರಾಂ ಸೀಸ ಇರಬಹುದು. ಈ ಇಂಜಿನ್ನಲ್ಲಿ ಗೇರ್‌ಬಾಕ್ಸಿಗೂ ಅದೇ ಆಯಿಲ್ಲು, ಹಂಗಾಗಿ ಸೀಸ ಎಲ್ಲಾ ಕಡೆ ಸುತ್ತಿ ಕೊನೆಗೆ ಆಯಿಲ್ ಟ್ಯಾಂಕ್ ತಳದಲ್ಲಿ ಬೂದು ಗೊಜ್ಜಿನ ಥರ ಕೂತ್ಕೊಳುತ್ತೆ. ಇದನ್ನೇ ಜಾಸ್ತಿ ಹಾಕೋರು 100 ಗಂಟೆ ಬದಲು 50 ಗಂಟೆಗೇ ಆಯಿಲ್ ಬದಲಾಯಿಸ್ಬೇಕು. ಆ ಗೊಜ್ಜು ಒರೆಸೋ ಕೆಲಸ ನನಗಂತೂ ಬೇಜಾರು.

ಇ10 ಅಂದ್ರೆ ಶೇ. 10ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು. ಅದರ ಪ್ರೀಮಿಯಂ ಹಾಕಿದಾಗ ನಿಜ ಹೇಳ್ಬೇಕು ಅಂದ್ರೆ ಇಂಜಿನ್ನಿಗೆ ಏನೂ ಗೊತ್ತೇ ಆಗ್ಲಿಲ್ಲ. ಶಕ್ತಿ ಶೇ. 3ರಷ್ಟು ಕಮ್ಮಿ ಅಂತ ಲೆಕ್ಕ, ಎದುರುಗಾಳಿ ಇದ್ರೆ ಅದಕ್ಕಿಂತ ಜಾಸ್ತಿ ಹೋಗುತ್ತೆ ಬಿಡಿ. ಆಕ್ಟೇನ್ (ಇಂಜಿನ್ ಬಡಿಯದ ಹಾಗೆ ತಡೆಯೋ ಗುಣದ ಅಳತೆ) ಮಾತ್ರ ನೋಡ್ಕೊಳಿ, ಇಲ್ಲಿನ ಪಂಪಲ್ಲಿ ಬರೆದಿರೋ 91 ಅಂದ್ರೆ ಹೆಚ್ಚೂ ಕಮ್ಮಿ ಇಂಡಿಯಾದ 95, ಈ ಇಂಜಿನ್ನಿಗೆ ಅಷ್ಟಾದ್ರೂ ಬೇಕೇ ಬೇಕು, 87 ನಡೆಯಲ್ಲ. ತಲೆನೋವು ಇರೋದು ನೀರಿಂದು. ಎಥನಾಲ್ ಇಲ್ಲದ ಪೆಟ್ರೋಲಲ್ಲಿ ನೀರು ಸೇರಿದ್ರೆ ತಳಕ್ಕಿಳಿಯುತ್ತೆ, ಹಾರೋ ಮುಂಚೆ ಡ್ರೇನ್ ಮಾಡಿದ್ರೆ ಕಣ್ಣಿಗೆ ಕಾಣುತ್ತೆ. ಎಥನಾಲ್ ಇದ್ರೆ ಆ ನೀರನ್ನ ಕುಡ್ಕೊಂಡು ಸುಮ್ನಿರುತ್ತೆ, ನಿಮ್ ಸ್ಯಾಂಪಲ್ ಕ್ಲೀನಾಗೇ ಕಾಣುತ್ತೆ, ಆಮೇಲೆ ಚಳಿ ಜಾಸ್ತಿಯಾದಾಗ ನೀರೂ ಎಥನಾಲೂ ಒಟ್ಟಿಗೇ ಬೇರೆಯಾಗಿ ತಳ ಸೇರ್ತವೆ, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನೂ ಇಳಿದಿರುತ್ತೆ. ನನ್ನ ಟ್ಯಾಂಕು ಅಲ್ಯೂಮಿನಿಯಂ, ಪೈಪೆಲ್ಲ ಎಥನಾಲ್ ತಡೆಯೋದೇ ಹಾಕಿದೀನಿ, ಆದ್ರೆ ಹಳೇ ಫೈಬರ್‌ಗ್ಲಾಸ್ ಟ್ಯಾಂಕ್ ಇರೋರು ಹತ್ರಾನೂ ಹೋಗ್ಬೇಡಿ, ಕೆಲವು ರೆಸಿನ್ ಮೆತ್ತಗಾಗುತ್ತೆ.

ಎಥನಾಲ್ ಇಲ್ಲದ 91 ಇಲ್ಲಿ ಬೋಟು, ಸ್ನೋಮೊಬೈಲ್ ಇರೋರಿಗಂತ ಕೆಲವು ಬಂಕಲ್ಲಿ ಸಿಗುತ್ತೆ. ಇ10ಗಿಂತ ದುಬಾರಿ, ಕ್ಯಾನಲ್ಲಿ ಹೊತ್ಕೊಂಡು ಬರ್ಬೇಕು, ಆದ್ರೂ ನನ್ನ ಓಟು ಇದಕ್ಕೇ. ಸೀಸಾನೂ ಇಲ್ಲ, ನೀರು ಅಡಗಿ ಕೂರೋ ಕಾಟಾನೂ ಇಲ್ಲ. ಒಂದೇ ಎಚ್ಚರ, ಚಳಿಗಾಲದ ಪೆಟ್ರೋಲ್ ಬೇಗ ಆವಿಯಾಗೋ ಥರ ಮಾಡಿರ್ತಾರೆ, ಅದನ್ನ ಬಿಸಿಲು ಬಂದ್ಮೇಲೆ ಹಾರಿಸಿದ್ರೆ ವೇಪರ್ ಲಾಕ್ ಆಗ್ಬೋದು.

ಬೆಂಗಳೂರಿನ ಗೆಳೆಯ ಬಂಕಿನ ಇ20 ಹಾಕ್ಬೋದಾ ಅಂತ ಕೇಳ್ದ. ಬೇಡ ಮಾರಾಯ, ರೋಟ್ಯಾಕ್ಸ್‌ನೋರು ಈ ಇಂಜಿನ್ನಿಗೆ ಒಪ್ಪೋದು ಶೇ. 10ರವರೆಗೆ ಮಾತ್ರ.

ನಾನೀಗ ಬೇಸಿಗೆಲಿ ವಾರವಾರ ಹಾರೋವಾಗ ಎಥನಾಲ್ ಇಲ್ಲದ 91 ಸಿಗದಿದ್ರೆ ಇ10 ಹಾಕ್ತೀನಿ, ದೂರ ಹೋದಾಗ 100ಎಲ್ಎಲ್, ಅಕ್ಟೋಬರ್ ಬಂತಂದ್ರೆ ಟ್ಯಾಂಕಲ್ಲಿ ಎಥನಾಲ್ ಇಲ್ಲದ್ದು ಬಿಟ್ಟು ಬೇರೆ ಇಡಲ್ಲ. ಹೊಸ ಬಂಕಾದ್ರೆ ಗಾಜಿನ ಟ್ಯೂಬಲ್ಲಿ ಸ್ವಲ್ಪ ನೀರು ಹಾಕಿ ಗುರುತು ಮಾಡಿ ಮೇಲೆ ಪೆಟ್ರೋಲ್ ಸುರಿದು ಕುಲುಕಿ ನೋಡ್ತೀನಿ, ನೀರಿನ ಗೆರೆ ಮೇಲೇರಿದ್ರೆ ಎಥನಾಲ್ ಇದೆ ಅಂತ, ಬೋರ್ಡಲ್ಲಿ ಏನೇ ಬರೆದಿರ್ಲಿ.