ಬಾದಾಮಿ ಯಾವ ಜಿಲ್ಲೆ? ಆರ್‌ಡಿಎಫ್‌ಲಿಬ್, ಫ್ಯೂಸೆಕಿ, ನಿಯೋಫೋರ್‌ಜೆ ಮೂರಕ್ಕೂ ಕೇಳಿದೆ

ಬಾದಾಮಿಯಲ್ಲಿ ಗೈಡ್ ಆಗಿರುವ ನಮ್ಮ ಕಾಕಾ ಒಂದು ದಿನ ಎರಡು ಪುಸ್ತಕ ತಂದು ಮುಂದಿಟ್ಟರು. "ತಮ್ಮಾ, ಇದ್ರಾಗ ಬಾದಾಮಿ ವಿಜಾಪುರ ಜಿಲ್ಲಾ ಅಂತ ಅದ, ಇದ್ರಾಗ ಬಾಗಲಕೋಟಿ ಅಂತ ಅದ. ನೀ ಯಾವುದು ಹಾಕ್ತಿ?"

ಎರಡೂ ಖರೆ. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಕಾಕಾ ಕೇಳಿದ ಹೊತ್ತಿಗೆ ನಾನು ಎರಡೂ ಜಿಲ್ಲೆಯ ಗುಡಿ, ಗುಮ್ಮಟ, ಶಾಸನಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತುಂಬುತ್ತಿದ್ದೆ, ಒಂದು ಕಾಲಂನಲ್ಲಿ ಎರಡು ಉತ್ತರ ಕೂಡಲಿಲ್ಲ. ಗ್ರಾಫ್ ಡೇಟಾ, ಅಂದ್ರೆ ಕಾಲಂ ಬದಲು ಒಂದಕ್ಕೊಂದು ಸಂಬಂಧ ಜೋಡಿಸಿ ಇಡುವ ಡೇಟಾ, ಅದರ ಕಡೆ ಬಂದಿದ್ದು ಹಾಗೆ. ಇಂಥ ಡೇಟಾ ಇಟ್ಟು ಪ್ರಶ್ನೆ ಕೇಳುವ ಮೂರು ಟೂಲ್‌ಗಳಲ್ಲಿ ಇದೇ ಪಟ್ಟಿ ಹಾಕಿ ನೋಡಿದೆ, ಸುಮಾರು 40 ಸಾವಿರ ಟ್ರಿಪಲ್, 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್.

ಟ್ರಿಪಲ್ ಅಂದ್ರೆ ಮೂರು ಮಾತಿನ ಒಂದು ಸಾಲು. "ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ – ಕಟ್ಟಿಸಿದವರು – ಲೋಕಮಹಾದೇವಿ." "ಮಲ್ಲಿಕಾರ್ಜುನ ಗುಡಿ – ಕಟ್ಟಿಸಿದವರು – ತ್ರೈಲೋಕ್ಯಮಹಾದೇವಿ." "ತ್ರೈಲೋಕ್ಯಮಹಾದೇವಿ – ಇವರ ಅಕ್ಕ – ಲೋಕಮಹಾದೇವಿ." ಇಷ್ಟು ಬರೆದರೆ ಅಕ್ಕತಂಗಿ ಕಟ್ಟಿಸಿದ ಗುಡಿಗಳು ಯಾವುವು ಅಂತ ಕೇಳಬಹುದು. ಹೀಗೆ ಬರೆಯುವ ಕ್ರಮವೇ ಆರ್‌ಡಿಎಫ್, ಕೇಳುವ ಭಾಷೆ ಸ್ಪಾರ್ಕಲ್.

ಮೊದಲು ಆರ್‌ಡಿಎಫ್‌ಲಿಬ್. ಇದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿ, ಆ ಭಾಷೆ ಬಂದರೆ ಸಾಕು, ಸರ್ವರ್ ಬೇಡ, ಟ್ರಿಪಲ್ ಸಾಲುಗಳನ್ನು ಬರೆದಿಟ್ಟ ಒಂದು ಟರ್ಟಲ್ ಫೈಲ್ ಓದಿಸಿ ಪ್ರಶ್ನೆ ಕೇಳಬಹುದು. ಕಲಿಯುವವರು ಇಲ್ಲಿಂದಲೇ ಶುರು ಮಾಡಲಿ. ಆದರೆ ಫೈಲ್ ಪೂರ್ತಿ ಮೆಮೊರಿಗೆ ಬರುತ್ತದೆ, ಪ್ರತಿ ಸಲ ತೆರೆಯಲು ಕಾಯಬೇಕು, ನಾಲ್ಕೈದು ಸಂಬಂಧ ದಾಟುವ ಪ್ರಶ್ನೆಗೆ ಇನ್ನೂ ಜಾಸ್ತಿ ಹೊತ್ತು.

ಅಪಾಚೆ ಜೇನಾ ಅನ್ನುವ ಆರ್‌ಡಿಎಫ್ ತಂತ್ರಾಂಶದ ಸರ್ವರ್ ಫ್ಯೂಸೆಕಿಯಲ್ಲಿ ಅದೇ ಪ್ರಶ್ನೆ ಕಾಯಿಸಲಿಲ್ಲ. ಬ್ರೌಸರ್‌ನಲ್ಲಿ 3030 ಪೋರ್ಟ್ ತೆರೆದರೆ ಪ್ರಶ್ನೆ ಬರೆಯುವ ಜಾಗ ಸಿಗುತ್ತದೆ. ಒಂದು ಎಚ್ಚರಿಕೆ. ಹೊಸ ಡೇಟಾಸೆಟ್ ಮಾಡುವಾಗ ಮೆಮೊರಿಯಲ್ಲಿ ಇಡಬೇಕೋ ಡಿಸ್ಕ್‌ನಲ್ಲೋ ಅಂತ ಕೇಳುತ್ತದೆ, ನಾನು ಮೆಮೊರಿ ಒತ್ತಿದ್ದೆ. ಮಧ್ಯಾಹ್ನ ಕರೆಂಟ್ ಹೋಯಿತು, ಬ್ಯಾಟರಿಯೂ ಮುಗಿಯಿತು, ಐಹೊಳೆಯ ಮೂರು ದಿನದ ತಿದ್ದುಪಡಿ ಹೋಯಿತು. ನೀವು ಡಿಸ್ಕ್‌ನಲ್ಲಿ ಇಡುವ ಟಿಡಿಬಿ2 ಅನ್ನೇ ಆರಿಸಿ.

ನಿಯೋಫೋರ್‌ಜೆ ಆರ್‌ಡಿಎಫ್ ಅಲ್ಲ, ಅದರ ದಾರಿಯೇ ಬೇರೆ. ಅದರ ಸೈಫರ್ ಭಾಷೆಯಲ್ಲಿ ಆವರಣದೊಳಗೆ ನೋಡ್ (ಊರು, ಗುಡಿಯಂಥ ಒಂದೊಂದು ವಸ್ತು), ನಡುವೆ ಸಂಬಂಧ ತೋರಿಸುವ ಬಾಣ, ಪ್ರಶ್ನೆಯೇ ಚಿತ್ರದ ಹಾಗೆ ಕಾಣುತ್ತದೆ. ಕಾಕಾನ ಪ್ರಶ್ನೆಗೆ ಇದರಲ್ಲಿ ಉತ್ತರ ಎಷ್ಟು ಸಲೀಸು ಅಂದ್ರೆ, ಬಾದಾಮಿಯಿಂದ ವಿಜಾಪುರಕ್ಕೆ ಒಂದು ಬಾಣ ಎಳೆದು ಆ ಬಾಣದ ಮೇಲೆಯೇ "1997ರವರೆಗೆ" ಅಂತ ಬರೆದೆ, ಬಾಗಲಕೋಟೆಗೆ ಇನ್ನೊಂದು ಬಾಣ, "1997ರಿಂದ", ಕೆಲಸ ಮುಗಿಯಿತು. ಸಾದಾ ಆರ್‌ಡಿಎಫ್‌ನಲ್ಲಿ ಬಾಣದ ಮೇಲೆ ಬರೆಯಲು ಆಗುವುದಿಲ್ಲ. ನಡುವೆ ಒಂದು ನೋಡ್ ಮಾಡಿ, ಅದಕ್ಕೆ ಜಿಲ್ಲೆ, ಶುರು, ಕೊನೆ ಅಂತ ಮೂರು ಸಾಲು ಕಟ್ಟಬೇಕು. ವಿಕಿಪೀಡಿಯದ ಜೊತೆಯ ಮುಕ್ತ ಡೇಟಾ ಸಂಗ್ರಹ ವಿಕಿಡೇಟಾ ತನ್ನ ಆರ್‌ಡಿಎಫ್‌ನಲ್ಲಿ ಮಾಡುವುದೂ ಇದನ್ನೇ. ಆರ್‌ಡಿಎಫ್-ಸ್ಟಾರ್ ಅನ್ನುವ, ಒಂದು ಸಾಲಿನ ಬಗ್ಗೆಯೇ ಇನ್ನೊಂದು ಸಾಲು ಬರೆಯುವ ದಾರಿಯೂ ಇದೆ, ಆದರೆ ಎಲ್ಲ ಟೂಲ್‌ಗಳೂ ಅದನ್ನು ಒಂದೇ ಥರ ಓದುವುದಿಲ್ಲ, ಹಾಗಾಗಿ ಕೈ ಹಾಕಲಿಲ್ಲ.

ಇನ್ನೊಂದು ಕಡೆಯೂ ಸೈಫರ್ ಸಲೀಸು. ಕನ್ನಡ ಹೆಸರು ಇನ್ನೂ ತುಂಬಿಲ್ಲದ ಗುಡಿ ಇದ್ದರೆ ಅಲ್ಲಿ ಆ ಜಾಗ ಖಾಲಿ ಬರುತ್ತದೆ ಅಷ್ಟೇ. ಸ್ಪಾರ್ಕಲ್‌ನಲ್ಲಿ ಆಪ್ಶನಲ್ (ಇದ್ದರೆ ಕೊಡು) ಅಂತ ಹಾಕದಿದ್ದರೆ ಆ ಗುಡಿಯೇ ಪಟ್ಟಿಯಿಂದ ಮಾಯ. ಶುರುವಿನಲ್ಲಿ ಎಣಿಕೆ ತಪ್ಪಿದ್ದು ಇದಕ್ಕೇ.

ಇಷ್ಟಾದರೂ ನಾನು ಉಳಿದಿದ್ದು ಫ್ಯೂಸೆಕಿಯಲ್ಲಿ. ಒಂದು ಕಾರಣ ಭಾಷೆ: ಆರ್‌ಡಿಎಫ್‌ನಲ್ಲಿ ಪ್ರತಿ ಹೆಸರಿಗೂ ಇದು ಕನ್ನಡ, ಇದು ಇಂಗ್ಲಿಷ್, ಇದು ಉರ್ದು ಅಂತ ಗುರುತು ಅಂಟಿಸಬಹುದು, ವಿಜಯಪುರದ (ಹಿಂದಿನ ವಿಜಾಪುರ) ಸ್ಮಾರಕಗಳಿಗೆ ಇದು ಬೇಕೇ ಬೇಕು ಅಲ್ವಾ? ನಿಯೋಫೋರ್‌ಜೆಯಲ್ಲಿ ಭಾಷೆಗೊಂದು ಖಾನೆ ನಾವೇ ಮಾಡಬೇಕು. ಎರಡನೆಯದು, ಸ್ಪಾರ್ಕಲ್‌ನ ಸರ್ವಿಸ್ ಅನ್ನುವ ಪದ. ಅದನ್ನು ಬಳಸಿ ನನ್ನ ಪ್ರಶ್ನೆಯ ನಡುವೆಯೇ ವಿಕಿಡೇಟಾವನ್ನು ಕೇಳಿ, ಗೋಲಗುಂಬಜ್‌ನ ಅಕ್ಷಾಂಶ, ರೇಖಾಂಶ, ಫೋಟೊ ತರಿಸಿ ನನ್ನ ಪಟ್ಟಿಯ ಪಕ್ಕ ಕೂರಿಸುತ್ತೇನೆ. ನಿಯೋಫೋರ್‌ಜೆಯಲ್ಲಿ ಇದಕ್ಕೆ ಪ್ಲಗಿನ್ ಹಾಕಿ ಮೊದಲು ಡೇಟಾ ಒಳಗೆ ತರಬೇಕು. ಪಟ್ಟಿ ನಿಮ್ಮ ಮನೆಯಲ್ಲೇ ಇರುತ್ತದೆ ಅಂದ್ರೆ ನಿಯೋಫೋರ್‌ಜೆ ಒಳ್ಳೆಯದು. ನಾಲ್ಕು ಜನರ ಪಟ್ಟಿಗೆ ಜೋಡಿಸುವ ಆಸೆ ಇದ್ದರೆ ಆ ನಡುವಿನ ನೋಡ್‌ನ ಕಷ್ಟ ಪಟ್ಟರೂ ಆರ್‌ಡಿಎಫ್ ಹಿಡಿಯಿರಿ.

ಮೂರರಲ್ಲೂ ಕಾಡಿದ ತೊಂದರೆ ಒಂದಿತ್ತು. "ಗುಂಬಜ್" ಅಂತ ಹುಡುಕಿದರೆ ಅರ್ಧ ಮಾತ್ರ ಬರುತ್ತಿತ್ತು. ಕೆಲವು ಕೀಬೋರ್ಡ್‌ಗಳು ಕೊನೆಯ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ನೋಡಲು ಒಂದೇ ಪದ, ಕಂಪ್ಯೂಟರ್‌ಗೆ ಎರಡು. ಅದಕ್ಕೇ ಈಗ ಪ್ರತಿ ಸ್ಮಾರಕಕ್ಕೂ ಒಂದು ನಂಬರ್ ಕೊಟ್ಟು, ಹೆಸರನ್ನು ಬೇರೆ ಸಾಲಿನಲ್ಲಿ ಇಡುತ್ತೇನೆ. ಫ್ಯೂಸೆಕಿಗೆ ಏರಿಸುವ ಮುಂಚೆ ಆರ್‌ಡಿಎಫ್‌ಲಿಬ್‌ನ ಹತ್ತು ಸಾಲಿನ ಸ್ಕ್ರಿಪ್ಟ್ ಆ ಕಾಣದ ಅಕ್ಷರವನ್ನು ಪದದ ಕೊನೆಯಿಂದ ತೆಗೆಯುತ್ತದೆ. ಪದದ ನಡುವೆ ಇದ್ದರೆ ಮುಟ್ಟುವುದಿಲ್ಲ, ಅಲ್ಲಿ ತೆಗೆದರೆ ಒತ್ತಕ್ಷರ ಮೂಡಿ ಪದದ ರೂಪವೇ ಬದಲಾಗುತ್ತದೆ.

ಮೊನ್ನೆ ಕಾಕಾಗೆ 1990 ಅಂತ ಹಾಕಿ ತೋರಿಸಿದೆ, ವಿಜಾಪುರ ಬಂತು. 2000 ಹಾಕಿದೆ, ಬಾಗಲಕೋಟೆ ಬಂತು. "ಅಂದ್ರ ಎರಡೂ ಪುಸ್ತಕ ಇಟ್ಕೋಬಹುದು" ಅಂದರು.