ದಾವಣಗೆರೆ ಬಿಸಿಲಿಗೆ ಯಾವ ಮೊಲ?

ಮೈತುಂಬ ಉದ್ದ ಉಣ್ಣೆಯ ಅಂಗೋರಾ ಮೊಲ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ದಾವಣಗೆರೆಯ ಏಪ್ರಿಲ್‌ಗೆ ಅದು ಬೇಡ. ಮೊಲಕ್ಕೆ ಬೆವರಿ ತಣ್ಣಗಾಗಲು ಬರುವುದಿಲ್ಲ, ಮೈಕಾವು ಹೆಚ್ಚಾಗಿ ಕಿವಿಯಿಂದಲೇ ಇಳಿಯಬೇಕು. 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಅದರ ಮೇಲೆ ಆ ಉಣ್ಣೆ ಬೇರೆ! ಸರಿಯಾಗಿ ಬಾಚದಿದ್ದರೆ ಗಂಟು ಕಟ್ಟುತ್ತದೆ, ನೆಕ್ಕಿ ನುಂಗಿದ ಕೂದಲು ಹೊಟ್ಟೆ ಕೆಡಿಸುತ್ತದೆ.

ನ್ಯೂಜಿಲೆಂಡ್ ವೈಟ್‌ಗೆ ಗಿಡ್ಡ ಕೂದಲು, ಸಮಾಧಾನದ ಪ್ರಾಣಿ. ಬೆಳೆದರೆ ಮಾತ್ರ 4–5 ಕೆಜಿ. ಮರಿ ನೋಡಿ ಸುಮ್ನೆ ಸಣ್ಣ ಗೂಡು ತರಬೇಡಿ.

ನೆದರ್‌ಲ್ಯಾಂಡ್ ಡ್ವಾರ್ಫ್ 1 ಕೆಜಿ ಅಷ್ಟೇ. ಮುದ್ದು, ಆದರೆ ಬೆದರುವುದು ಜಾಸ್ತಿ.

ಬಾಡಿಗೆ ಮನೆ, ಮಕ್ಕಳು ಅಂದರೆ ನನ್ನ ಓಟು ಡಚ್ ತಳಿಗೆ: ಸುಮಾರು 2 ಕೆಜಿ, ಗಿಡ್ಡ ಕೂದಲು. ಶೀಟಿನ ಮನೆಯಾದರೆ ಯಾವ ತಳಿಗೂ ಮಧ್ಯಾಹ್ನ ತಂಪು ಜಾಗ ಬೇಕೇ ಬೇಕು. ಮೆಕ್ಕೆಜೋಳ ಎಲ್ಲೆಲ್ಲೂ ಸಿಗುತ್ತೆ ಅಂತ ಅದನ್ನೇ ಸುರಿಯಬೇಡಿ. ಮುಖ್ಯ ಊಟ ಒಣಹುಲ್ಲು.