ಪಾಯ ರಿಪೇರಿಯವರ ಬಗ್ಗೆ: ಎರಡು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ

ಬೇಗ ಬಂದು ಬೇಗ ಮುಗಿಸಿ ಹೋಗುವವರು ಬೇಕಿದ್ದರೆ ಇವರನ್ನು ಕರೆಯಬೇಡಿ. ಮೊದಲ ಹನ್ನೊಂದು ತಿಂಗಳು ಇವರು ನನ್ನ ಮನೆಯ ಗೋಡೆಗೆ ಒಂದು ಬಾಂಡ್ಲಿ ಸಿಮೆಂಟ್ ಕೂಡ ಹಚ್ಚಲಿಲ್ಲ. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಎಲ್ಲಿ ಹೋಯಿತು ಅನ್ನುವುದನ್ನೂ ಹೇಳುತ್ತೇನೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮನೆ ನಿಂತಿರುವುದು ಅಪ್ಪಟ ಎರೆಮಣ್ಣಿನ ಮೇಲೆ. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಸೀಳು ಬಿಡುವ ಮಣ್ಣು. ಕಲ್ಲಿನ ಪಾಯ, ಮೂರಡಿ ಆಳ. ಕಟ್ಟಿ ಹದಿನಾಲ್ಕು ವರ್ಷವಾಗಿತ್ತು. ಹೊಲಿಗೆ ಕೋಣೆಯ ಕಿಟಕಿಯ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಒಂದು ಬಿರುಕು ಎದ್ದಿತು. ಮಳೆಗಾಲದಲ್ಲಿ ಬಚ್ಚಲ ಬಾಗಿಲು ಬಿಗಿಯಾಗುತ್ತಿತ್ತು. ಬಡಗಿಯನ್ನು ಕರೆಸಿ ಅಂಚು ಕೀಸಿಸಿದೆ. ಬೇಸಿಗೆಗೆ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣತೊಡಗಿತು. ಅಲ್ಲೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ಮೊದಲು ಒಬ್ಬ ಮೇಸ್ತ್ರಿ ಬಿರುಕನ್ನು ಸಿಮೆಂಟ್‌ನಲ್ಲಿ ತುಂಬಿ ಹೋದರು. ಮರುವರ್ಷ ಅವರೇ ಬಂದು ಜಾಲರಿ ಹೊಡೆದು, ಮೇಲೆ ಗಾರೆ ಬಳಿದು, "ಇನ್ನು ಬಿಡಲ್ಲಕ್ಕಾ" ಅಂದರು. ನಿಜ, ಅಲ್ಲಿ ಬಿಡಲಿಲ್ಲ. ನಾಲ್ಕು ಬೆರಳು ಪಕ್ಕಕ್ಕೆ ಬಿಟ್ಟಿತು. ಬಟ್ಟೆ ಜಗ್ಗುತ್ತಿರುವಾಗ ಹೊಲಿಗೆ ಎಷ್ಟು ಗಟ್ಟಿ ಹಾಕಿದರೂ ಪಕ್ಕದಲ್ಲಿ ಹರಿಯುತ್ತದೆ ಅನ್ನುವುದು ನನಗೆ ಗೊತ್ತಿರಬೇಕಾದ ವಿಷಯ. ಆಮೇಲೆ ಬೇರೊಂದು ಕಡೆಯವರು ಬಂದು, ಕಾಲು ಗಂಟೆ ನೋಡಿ, ಮನೆಯ ಸುತ್ತ 22 ಪೈಲ್, ಅಂದರೆ ನೆಲದ ಆಳಕ್ಕೆ ಇಳಿಸುವ ಕಂಬ, ಹಾಕಬೇಕು, ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ ಅಂದರು. ಬಿರುಕಿಗೆ ಸ್ಕೇಲ್ ಸಹ ಹಿಡಿದು ನೋಡಿರಲಿಲ್ಲ.

ಮೂರನೆಯವರಾಗಿ ಬಂದವರು ಇವರು. ಎಂಜಿನಿಯರ್ ಮೇಡಂ ಒಬ್ಬರು, ಜೊತೆಗೊಬ್ಬ ಹುಡುಗ, ಅವನ ಹೆಗಲಲ್ಲಿ ಉದ್ದನೆಯ ಪಾರದರ್ಶಕ ಪೈಪ್. ಅದರಲ್ಲಿ ಬಣ್ಣದ ನೀರು ತುಂಬಿ, ಮನೆಯೆಲ್ಲಾ ಓಡಾಡಿ ನೆಲದ ಮೇಲೆ 31 ಕಡೆ ಲೆವೆಲ್ ಹಿಡಿದರು. ಹೊಲಿಗೆ ಕೋಣೆಯ ಹೊರಮೂಲೆ ನಡುಮನೆಗಿಂತ 28 ಮಿಲಿಮೀಟರ್ ಕೆಳಗಿತ್ತು. ಎದುರು ಕಡೆ ಬಚ್ಚಲ ಹತ್ತಿರ ನೆಲ ಮೇಲೆದ್ದಿತ್ತು. ದಾರದ ಉಂಡೆ ಕೈಜಾರಿದರೆ ಯಾಕೆ ಯಾವಾಗಲೂ ಅದೇ ಮೂಲೆಗೆ ಉರುಳುತ್ತದೆ ಅಂತ ಅವತ್ತು ತಿಳಿಯಿತು.

ಇನ್ನೊಂದು ದಿನ ಗುಂಡಿ ತೋಡಿ ಮಣ್ಣು ತೆಗೆದುಕೊಂಡು ಹೋದರು. ಒಣಗಿಸಿ, ಪುಡಿ ಮಾಡಿ, ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ತಂದು ನನ್ನ ಕತ್ತರಿಸುವ ಮೇಜಿನ ಮೇಲೆ ಎರಡು ಉದ್ದ ಗಾಜಿನ ಅಳತೆ ಜಾಡಿ ಇಟ್ಟರು. ಎರಡಕ್ಕೂ ಹತ್ತು ಹತ್ತು ಗ್ರಾಂ ಮಣ್ಣು. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಶುದ್ಧ ನೀರು. ಗುಳ್ಳೆ ಹೋಗುವಂತೆ ಕಡ್ಡಿಯಿಂದ ಕಲಕಿ, "ನಾಳೆ ಇದೇ ಹೊತ್ತಿಗೆ ಬರ್ತೀನಿ, ಯಾರೂ ಮುಟ್ಟಬೇಡಿ" ಅಂದರು. ರಾತ್ರಿ ಮೂರು ಸಲ ಎದ್ದು ನೋಡಿದೆ, ಸುಳ್ಳು ಯಾಕೆ ಹೇಳಲಿ. ಮರುದಿನ ಸೀಮೆಎಣ್ಣೆಯ ಮಣ್ಣು ಹತ್ತರ ಗೆರೆಯಲ್ಲೇ ಕೂತಿತ್ತು. ನೀರಿನದು ಹತ್ತೊಂಬತ್ತಕ್ಕೆ ಏರಿ, ಮೋಡದ ಹಾಗೆ ಉಬ್ಬಿಕೊಂಡಿತ್ತು. ಹತ್ತಕ್ಕೆ ಒಂಬತ್ತು ಜಾಸ್ತಿ, ಅಂದರೆ ಶೇಕಡಾ 90 ಉಬ್ಬುವಿಕೆ. 50 ದಾಟಿದರೇ ಹುಷಾರಾಗಿ ಕಟ್ಟಬೇಕು ಅನ್ನುತ್ತಾರಂತೆ.

ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಖನಿಜ ಇರುತ್ತದೆ. ಕಾಗದದ ಕಟ್ಟಿನ ಹಾಗೆ ಪದರ ಪದರ. ನೀರು ಆ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಸೀಮೆಎಣ್ಣೆಗೆ ಆ ಶಕ್ತಿಯಿಲ್ಲ. ಒಣಗಿದಾಗ ಪದರಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ. ಇಡೀ ಮನೆ ಒಂದೇ ಸಮ ಏರಿ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಾಗಲೇ ಗೋಡೆ ಬಾಯಿ ಬಿಡುವುದು.

ಇಷ್ಟೆಲ್ಲಾ ಆದ ಮೇಲೆ ಕೆಲಸ ಶುರು ಅಂದುಕೊಂಡರೆ, ಮೇಡಂ ಬಿರುಕಿನ ಎರಡೂ ಪಕ್ಕ ಒಂದೊಂದು ಸಣ್ಣ ಮೊಳೆ ಹೊಡೆಸಿ, ಕೈಗೊಂದು ವರ್ನಿಯರ್, ಅಂದರೆ ಮಿಲಿಮೀಟರ್‌ಗಿಂತ ಸಣ್ಣದನ್ನೂ ಅಳೆಯುವ ಸಾಧನ, ಕೊಟ್ಟರು. "ಅಮ್ಮ, ಪ್ರತಿ ತಿಂಗಳು ಒಂದನೇ ತಾರೀಕು ಅಳೆದು ಬರೆದಿಡಿ. ಒಂದು ಮಳೆ, ಒಂದು ಬೇಸಿಗೆ ನೋಡೋಣ." ನನಗೆ ಸಿಟ್ಟು ಬಂತು. ದುಡ್ಡು ಕೊಟ್ಟು ನಾನೇ ಅಳೆಯಬೇಕಾ? ಆದರೂ ಅಳೆದೆ. ಅಳತೆ ನನ್ನ ಕಸುಬು ತಾನೇ.

ಮಳೆ ನಿಂತ ಮೇಲೆ ಬಿರುಕು 2 ಮಿಲಿಮೀಟರ್. ಬೇಸಿಗೆಯ ಕೊನೆಗೆ 7. ಬ್ರಿಟನ್ನಿನ ಕಟ್ಟಡ ಸಂಶೋಧನೆಯವರ ಒಂದು ಪಟ್ಟಿ ತೋರಿಸಿದರು: 5 ಮಿಲಿಮೀಟರ್ ತನಕ ಸಣ್ಣ ಹಾನಿ, 5ರಿಂದ 15 ಮಧ್ಯಮ, ಆಮೇಲೆ ಗಂಭೀರ. ಅಲ್ಲಿ 1976ರ ಬರದಲ್ಲಿ ಜೇಡಿಮಣ್ಣು ಒಣಗಿ ಸಾವಿರಾರು ಮನೆಗಳು ಬಿರುಕು ಬಿಟ್ಟಿದ್ದವಂತೆ. ನನ್ನದು ಮಧ್ಯಮ. ಬಿರುಕು ಮೇಲೆ ಅಗಲ, ಕೆಳಗೆ ಕೂದಲೆಳೆ. ಅಂದರೆ ಮೂಲೆ ಹೊರಕ್ಕೆ ವಾಲಿ ಕೆಳಗೆ ಕೂರುತ್ತಿದೆ. ಇದನ್ನೆಲ್ಲಾ ನನ್ನದೇ ಪುಸ್ತಕದ ಅಂಕಿ ತೋರಿಸಿ ಹೇಳಿದ್ದರಿಂದ ಜಗಳ ಮಾಡಲು ದಾರಿಯೇ ಉಳಿಯಲಿಲ್ಲ.

ಕಾರಣ ಎರಡು. ಹೊಲಿಗೆ ಕೋಣೆಯಿಂದ ನಾಲ್ಕು ಮೀಟರ್ ದೂರದಲ್ಲಿ ಒಂಬತ್ತು ಮೀಟರ್ ಎತ್ತರದ ಮರ. ಬೇಸಿಗೆಯಲ್ಲಿ ಅದರ ಬೇರು ಮೂಲೆಯಡಿಯ ಮಣ್ಣನ್ನು ಹೀರಿ ಒಣಗಿಸುತ್ತಿತ್ತು. ಬಚ್ಚಲ ಕಡೆ ನೆಲದಡಿ ಚರಂಡಿ ಪೈಪಿನ ಜೋಡಣೆ ಬಿಟ್ಟು ವರ್ಷಗಟ್ಟಲೆ ಸೋರುತ್ತಿತ್ತು. ಒಂದು ಮೂಲೆ ಬಾಯಾರಿ ಕುಗ್ಗಿತ್ತು, ಇನ್ನೊಂದು ಕುಡಿದು ಉಬ್ಬಿತ್ತು. ಸೋರುವುದನ್ನು ಕಂಡುಹಿಡಿದದ್ದು ಮೊದಲ ವಾರವೇ: ಪೈಪಿನ ಹೊರಬಾಯಿ ಮುಚ್ಚಿ, ಒಳಗೆ ನೀರು ತುಂಬಿ, ಗೆರೆ ಹಾಕಿ ಕಾದರು. ಅರ್ಧ ಗಂಟೆಯಲ್ಲಿ ನೀರು ಗೆರೆಯಿಂದ ಒಂದು ಗೇಣು ಇಳಿದಿತ್ತು. ಪೈಪ್ ಮಾತ್ರ ಆಗಲೇ ಬದಲಿಸಿದರು, ಸ್ವಲ್ಪ ಬಾಗುವಂಥ ಜೋಡಣೆ ಹಾಕಿ. ಹನ್ನೊಂದು ತಿಂಗಳಲ್ಲಿ ಆ ಕಡೆಯ ನೆಲ ತಾನಾಗಿಯೇ 9 ಮಿಲಿಮೀಟರ್ ಇಳಿಯಿತು. ಬಾಗಿಲು ಈಗ ಸರಾಗ.

ಮರ ಕಡಿಸಿಬಿಡೋಣ ಅಂದೆ. ಬೇಡ ಅಂದರು. ಒಮ್ಮೆಲೇ ಕಡಿದರೆ ಒಣಗಿದ್ದ ಮಣ್ಣು ಮತ್ತೆ ನೀರು ಹಿಡಿದು, ವರ್ಷಗಟ್ಟಲೆ ಮೆಲ್ಲಗೆ ಉಬ್ಬಿ, ಮೂಲೆಯನ್ನು ಮೇಲಕ್ಕೆ ನೂಕುತ್ತದಂತೆ. ಕೊಂಬೆ ಸವರಿಸಿ, ಮನೆಗೂ ಮರಕ್ಕೂ ನಡುವೆ ಎರಡು ಮೀಟರ್ ಆಳದ ಕಂದಕ ತೋಡಿ, ದಪ್ಪ ಪ್ಲಾಸ್ಟಿಕ್ ಹಾಳೆಯ ತಡೆ ನಿಲ್ಲಿಸಿದರು. ಸೂರಿನ ನೀರು ಪಾಯದ ಪಕ್ಕಕ್ಕೇ ಬೀಳುತ್ತಿದ್ದುದನ್ನು ದೂರಕ್ಕೆ ಹರಿಸಿದರು. ಮನೆಯ ಸುತ್ತ ಒಂದೂವರೆ ಮೀಟರ್ ಅಗಲ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸು, ಅದರಡಿ ಪ್ಲಾಸ್ಟಿಕ್ ಹಾಳೆ. ಹಾಸನ್ನು ಗೋಡೆಗೆ ಕಚ್ಚಿಸಲಿಲ್ಲ, ನಡುವಿನ ಸಂದಿಗೆ ರಬ್ಬರಿನಂಥ ಮೇಣ ತುಂಬಿದರು. ಹಾಸು ಏರಿಳಿದರೂ ಗೋಡೆಯನ್ನು ಎಳೆಯಬಾರದಲ್ವಾ.

ಪಾಯಕ್ಕೆ ಕೈ ಹಾಕಿದ್ದು ಆಮೇಲೆ, ಅದೂ ಒಂದೇ ಮೂಲೆಗೆ. ಹಿಂದೆ ಬಂದವರು 22 ಅಂದಿದ್ದ ಕಡೆ ಇವರದು 4 ಪೈಲ್. ಗುಂಡಿಗಳನ್ನು ಒಂದು ಬಿಟ್ಟು ಒಂದರಂತೆ ತೋಡಿದರು, ಪಕ್ಕಪಕ್ಕದ ಎರಡನ್ನು ಯಾವತ್ತೂ ಒಟ್ಟಿಗೆ ತೆರೆಯಲಿಲ್ಲ. ಪೈಲ್ 6 ಮೀಟರ್ ಆಳಕ್ಕೆ ಹೋಯಿತು. ಮಳೆ ಬಿಸಿಲಿನ ಆಟ ಎರೆಮಣ್ಣಿನಲ್ಲಿ ಸಾಮಾನ್ಯವಾಗಿ 3.5 ಮೀಟರ್ ತನಕ ಅಂತ ಲೆಕ್ಕ ಹಿಡಿಯುತ್ತಾರೆ, ಅದರ ಕೆಳಗೆ ಹೋದರೆ ಮಣ್ಣು ಅಲುಗುವುದು ಕಡಿಮೆ. ಪೈಲಿನ ಮೇಲ್ಭಾಗಕ್ಕೆ ನುಣುಪಾದ ಕೊಳವೆ ತೊಡಿಸಿದ್ದರು. ಇಲ್ಲದಿದ್ದರೆ ಉಬ್ಬುವ ಮಣ್ಣು ಪೈಲನ್ನೇ ಹಿಡಿದು ಎತ್ತುತ್ತದೆ. ಜಾಕ್ ಹಚ್ಚಿ 12 ಮಿಲಿಮೀಟರ್ ಎತ್ತಿ ನಿಲ್ಲಿಸಿದರು. 28ನ್ನೂ ಯಾಕೆ ಎತ್ತಲಿಲ್ಲ ಅಂತ ಕೇಳಿದೆ. ಗೋಡೆ ಬಾಗಿದ ಭಂಗಿಗೇ ಒಗ್ಗಿಕೊಂಡಿದೆ, ಇನ್ನೂ ಎತ್ತಿದರೆ ಬೇರೆಡೆ ಒಡೆಯುತ್ತದೆ ಅಂದರು. ಅಷ್ಟರಲ್ಲೇ ಅಡುಗೆ ಮನೆ ಗೋಡೆಯಿಂದ ಟಪ್ ಅಂತ ಗಾರೆ ಬಿತ್ತು. ನಾನು ಮತ್ತೆ ಕೇಳಲಿಲ್ಲ. ಕೊನೆಗೆ ಇಟ್ಟಿಗೆ ಸಾಲುಗಳ ನಡುವಿನ ಗಾರೆ ಕೆರೆದು, ತಿರುಚಿದ ಸ್ಟೀಲ್ ಕಂಬಿ ಅಡ್ಡ ಕೂರಿಸಿ, ಬಿರುಕು ಮುಚ್ಚಿದರು.

ಪಕ್ಕದಲ್ಲೊಂದು ಹೊಸ ಕೋಣೆಯನ್ನೂ ಇವರಿಂದಲೇ ಕಟ್ಟಿಸಿದೆ. ಅದು ಅಂಡರ್ ರೀಮ್ಡ್ ಪೈಲ್ ಮೇಲೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿ ಬಹಳ ಕೆಲಸ ಮಾಡಿದ ಪೈಲ್ ಇದು. 30 ಸೆಂಟಿಮೀಟರ್ ಅಗಲದ ತೂತನ್ನು ನಾಲ್ಕೂವರೆ ಮೀಟರ್ ಕೊರೆದು, ತಳದ ಹತ್ತಿರ ರೆಕ್ಕೆ ಬಿಚ್ಚುವ ಒಂದು ಉಪಕರಣ ಇಳಿಸಿ ತಿರುಗಿಸುತ್ತಾರೆ. ಅದು ಸುತ್ತಲ ಮಣ್ಣು ಕೊಯ್ದು 75 ಸೆಂಟಿಮೀಟರ್ ಅಗಲದ ಗಡ್ಡೆಯಂಥ ಜಾಗ ಮಾಡುತ್ತದೆ. ಕಾಂಕ್ರೀಟ್ ತುಂಬಿದ ಮೇಲೆ ಆ ಗಡ್ಡೆಯೇ ಲಂಗರು. ಕತ್ತಲ ಗುಂಡಿಯೊಳಗೆ ಗಡ್ಡೆ ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ತುದಿ ಬಾಗಿಸಿದ ಕಂಬಿ ಇಳಿಸಿ ನಾಲ್ಕೂ ದಿಕ್ಕಿಗೆ ತಿರುಗಿಸಿ ತಡವಿದರು. ಒಂದು ಗುಂಡಿಯಲ್ಲಿ ಕಂಬಿ ಬೇಗ ತಾಗಿತು. ಮತ್ತೆ ಉಪಕರಣ ಇಳಿಸಿ ಕೊರೆದರು.

ಈಗ ಆ ಕಳೆದುಹೋದ ಅಂಕದ ವಿಷಯ. ಪೈಲ್‌ಗಳ ಮೇಲೆ ಕೂರುವ ಬೀಮಿನ ಕೆಳಗೆ, ನೆಲ ತಾಗದ ಹಾಗೆ 80 ಮಿಲಿಮೀಟರ್ ಸಂದಿ ಬಿಡಬೇಕು. ಮಣ್ಣು ಉಬ್ಬಿದರೆ ಆ ಖಾಲಿ ಜಾಗಕ್ಕೆ ಉಬ್ಬಲಿ ಅಂತ. ಮರಳು ಹಾಸಿ ಬೀಮ್ ಎರೆದು, ಗಟ್ಟಿಯಾದ ಮೇಲೆ ಮರಳು ಕೆದಕಿ ತೆಗೆದಿದ್ದರು. ಕೊನೆಯ ದಿನ ಸಂಜೆ ನಾನು ಹೊರಗೆ ಹೋಗಿ ನೋಡಿದರೆ, ಅವರ ಮೇಸ್ತ್ರಿ ತೋಡಿದ ಎರೆಮಣ್ಣನ್ನೇ ಉಂಡೆ ಮಾಡಿ ಆ ಸಂದಿಗೆ ಗಿಡಿದು, ಕರಣೆಯಿಂದ ಅಂದವಾಗಿ ಸವರುತ್ತಿದ್ದರು. "ಏನಣ್ಣಾ ಇದು?" ಅಂದೆ. "ಇಲಿ ಸೇರ್ಕೊಳ್ಳುತ್ತಕ್ಕಾ, ಅದಕ್ಕೆ" ಅಂದರು. ಪಾಪ, ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ಮೂರು ಬದಿ ಮುಗಿದಿತ್ತು. ಮೇಡಂಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತಿದ್ದು ಮರುದಿನ ಮಧ್ಯಾಹ್ನ. ಬಂದು ಎಲ್ಲವನ್ನೂ ಕೆದಕಿಸಿ, ಹೊರಬದಿಗೆ ಬೀಮಿಗೆ ತಾಗದಂತೆ ತೆಳು ಕಲ್ಲು ನಿಲ್ಲಿಸಿದರು, ಸರಿ. ಆದರೆ ನಾನು ನೋಡಿರದಿದ್ದರೆ? ಅಷ್ಟು ಆಳದ ಪೈಲ್ ಹಾಕಿ, ಮೇಲೆ ಒಂದು ಬುಟ್ಟಿ ಮಣ್ಣಿನಿಂದ ಎಲ್ಲಾ ಹಾಳಾಗುತ್ತಿತ್ತು. ಕೆಲಸದವರಿಗೆ ಆ ಸಂದಿ ಯಾಕೆ ಅಂತ ಹೇಳಿಕೊಡದೇ ಇದ್ದದ್ದು ಇವರದೇ ತಪ್ಪು.

ಹೊಸ ಕೋಣೆಯ ನೆಲಕ್ಕೆ ಒಂದು ಮೀಟರ್ ಎರೆಮಣ್ಣು ತೆಗೆದು ಉಬ್ಬದ ಗಟ್ಟಿ ಮೊರಂ ಹಾಕಿ ದಮ್ಮಸು ಹೊಡೆದರು. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಹೇಳಿದ ವಿಧಾನವಂತೆ. ನಾನು ಮರಳು ಸಾಕಲ್ವಾ ಅಂದಿದ್ದೆ. ಮರಳು ನೀರು ಹಿಡಿದಿಟ್ಟು ತೊಟ್ಟಿಯಾಗುತ್ತದೆ, ಕೆಳಗಿನ ಮಣ್ಣಿಗೆ ಸುಮ್ನೆ ಕುಡಿಸಿದ ಹಾಗೆ ಅಂದರು. ಹಳೆ ಗೋಡೆಗೂ ಹೊಸದಕ್ಕೂ ನಡುವೆ ಒಂದು ಬೆರಳಿನ ಸಂದಿ ಬಿಟ್ಟಿದ್ದಾರೆ. ನೋಡಲು ಚೆಂದವಿಲ್ಲ.

ಬೇರೆ ದೂರುಗಳು ಚಿಕ್ಕವು. ವರದಿ ನನಗೆ ಓದಿ ಅರ್ಥವಾಗುವ ಹಾಗಿರಲಿಲ್ಲ, ಕೂತು ಕೇಳಿಸಿಕೊಳ್ಳಬೇಕಾಯಿತು. ತೋಡಿದ ಮಣ್ಣನ್ನು ಎರಡು ವಾರ ಗೋಡೆಗೇ ಒರಗಿಸಿ ರಾಶಿ ಹಾಕಿದ್ದರು. ಖಾತರಿ ಪತ್ರದಲ್ಲಿ ಆ ನಾಲ್ಕು ಪೈಲ್ ಮಾತ್ರ ಇದೆ, ಇಡೀ ಮನೆ ಇಲ್ಲ. ಸಹಿ ಹಾಕುವ ಮೊದಲು ಅದನ್ನು ಓದಿಕೊಳ್ಳಿ.

ಹಳೆ ಬಿರುಕು ಎರಡು ಮಳೆಗಾಲ, ಒಂದು ಬೇಸಿಗೆ ದಾಟಿ ಮುಚ್ಚಿಕೊಂಡೇ ಇದೆ. ಆದರೆ ಪೈಲ್ ಮೇಲಿನ ಮೂಲೆ ಮತ್ತು ಹಳೆ ಪಾಯದ ಗೋಡೆ ಕೂಡುವಲ್ಲಿ ಹೊಸದಾಗಿ ಒಂದು ಕೂದಲೆಳೆ ಕಾಣಿಸಿದೆ. ಮೂಲೆ ಈಗ ಅಲುಗುವುದಿಲ್ಲ, ಉಳಿದ ಮನೆ ಇನ್ನೂ ಸ್ವಲ್ಪ ಉಸಿರಾಡುತ್ತದೆ, ಅಲ್ಲೊಂದು ಗೆರೆ ಬರಬಹುದು ಅಂತ ಮೇಡಂ ಮೊದಲೇ ಹೇಳಿದ್ದರು. ಅದರ ಎರಡೂ ಪಕ್ಕ ನಾನೇ ಮೊಳೆ ಹೊಡೆದುಕೊಂಡಿದ್ದೇನೆ. ನಾಲ್ಕು ತಿಂಗಳಿಂದ ಅರ್ಧ ಮಿಲಿಮೀಟರ್. ಬೇಸಿಗೆ ಮುಗಿದ ಮೇಲೆ ಎಷ್ಟಾಯಿತು ಅಂತ ಇಲ್ಲೇ ಸೇರಿಸುತ್ತೇನೆ.